ಜಾಕ್ ತಾತಿಯ ಆರು ಚಿತ್ರಗಳು: ಯಾವುದರಿಂದ ಶುರು ಮಾಡಬೇಕು, ಯಾವ ಆವೃತ್ತಿ ನೋಡಬೇಕು

ಫ್ರಾನ್ಸಿನ ನಟ-ನಿರ್ದೇಶಕ ಜಾಕ್ ತಾತಿ ತೆಗೆದ ಪೂರ್ಣಾವಧಿ ಚಿತ್ರಗಳು ಆರೇ ಆರು. ಮೊದಲನೆಯದು ತೆರೆಕಂಡದ್ದು 1949ರಲ್ಲಿ, ಕೊನೆಯದು 1974ರಲ್ಲಿ. ಇಷ್ಟು ಚಿಕ್ಕ ಪಟ್ಟಿಯಲ್ಲಿ ಆರಿಸುವುದಕ್ಕೆ ಏನಿದೆ ಅನಿಸಬಹುದು. ತೊಡಕು ಬೇರೆ ಕಡೆ ಇದೆ. ಮೂರು ಚಿತ್ರಗಳಿಗೆ ಒಂದಕ್ಕಿಂತ ಹೆಚ್ಚು ಆವೃತ್ತಿಗಳಿವೆ, ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಯಾವುದು ಯಾವುದೆಂದು ಸರಿಯಾಗಿ ಬರೆದಿರುವುದಿಲ್ಲ. ಇನ್ನೊಂದನ್ನು ಫೋನಿನಲ್ಲಿ ನೋಡಿದರೆ ನೋಡಿದ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ಚಿತ್ರದಿಂದ ಶುರು ಮಾಡಿದವರು ‘ಇದರಲ್ಲಿ ನಗುವುದಕ್ಕೆ ಏನಿದೆ?’ ಎಂದು ಅಲ್ಲಿಗೇ ಕೈಬಿಡುತ್ತಾರೆ.

ಮನುಷ್ಯನ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಆಯ್ಕೆ ಸಲೀಸು. ಹುಟ್ಟಿದ್ದು 1907ರಲ್ಲಿ, ಪ್ಯಾರಿಸ್ ಪಕ್ಕದ ಲ ಪೆಕ್‌ನಲ್ಲಿ. ಪೂರ್ತಿ ಹೆಸರು ಜಾಕ್ ತಾತಿಶೆಫ್. ತಂದೆಯ ಕಡೆಯವರು ರಷ್ಯನ್ ಮೂಲದವರು. ಚಿತ್ರಪಟಗಳಿಗೆ ಕಟ್ಟು ಹಾಕುವುದು ಮನೆಯ ಕಸುಬು, ಅದನ್ನು ಕಲಿತ. ರಾಸಿಂಗ್ ಕ್ಲಬ್‌ನಲ್ಲಿ ರಗ್ಬಿ ಆಡಿದ. ಅಲ್ಲಿ ಜೊತೆಗಾರರನ್ನು ನಗಿಸಲು ಗೋಲ್‌ಕೀಪರ್, ಟೆನಿಸ್ ಆಟಗಾರ, ಕುದುರೆ ಸವಾರರ ಅಣಕು ಮಾಡುತ್ತಿದ್ದವನು ಕೊನೆಗೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡ. 1930ರ ದಶಕದಲ್ಲಿ ಪ್ಯಾರಿಸ್ಸಿನ ಮ್ಯೂಸಿಕ್ ಹಾಲ್‌ಗಳಲ್ಲಿ ಕುದುರೆಯೂ ತಾನೇ, ಸವಾರನೂ ತಾನೇ ಆಗುತ್ತಿದ್ದ ಈತನ ಮೂಕಾಭಿನಯವನ್ನು ಲೇಖಕಿ ಕೊಲೆಟ್ ಮೆಚ್ಚಿ ಬರೆದಳು. ಮೊದಲ ದೊಡ್ಡ ಚಿತ್ರ ತೆಗೆಯುವ ಹೊತ್ತಿಗೆ ವಯಸ್ಸು ನಲವತ್ತು. ಆ ಹೊತ್ತಿಗೆ ಮಾತಿನ ಮೇಲಿನ ನಂಬಿಕೆ ಹೋಗಿತ್ತು. ಮೈಯ ನಿಲುವು, ನಡಿಗೆ, ವಸ್ತುಗಳ ಸದ್ದು, ಇಷ್ಟರ ಮೇಲೆ ಮಾತ್ರ ನಂಬಿಕೆ ಉಳಿದಿತ್ತು.

ಈಗ ಅಳತೆಗೋಲುಗಳು. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಒಂದೇ: ನಗು ಎಲ್ಲಿದೆ ಎಂದು ಚಿತ್ರವೇ ನಿಮಗೆ ತೋರಿಸಿಕೊಡುತ್ತದೆಯೋ, ನೀವೇ ಹುಡುಕಿಕೊಳ್ಳಬೇಕೋ? ಮೊದಲ ಚಿತ್ರದಲ್ಲಿ ತಾತಿ ಚೌಕಟ್ಟಿನ ನಡುವೆ ಇದ್ದಾನೆ. ಒಂದೊಂದು ಚಿತ್ರ ಕಳೆದ ಹಾಗೆ ಪಕ್ಕಕ್ಕೆ ಸರಿಯುತ್ತಾ ಹೋಗುತ್ತಾನೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಗುಂಪಿನಲ್ಲಿ ಅವನನ್ನು ಹುಡುಕಬೇಕು, ನಗಿಸುವ ಕೆಲಸವನ್ನು ಯಾರು ಬೇಕಾದರೂ ಮಾಡುತ್ತಿರುತ್ತಾರೆ. ನೋಡುಗರ ಕಣ್ಣಿಗೆ ಕೆಲಸ ಹೆಚ್ಚುತ್ತಾ ಹೋಗುವ ಈ ಏಣಿಯಲ್ಲಿ ನೀವು ಯಾವ ಮೆಟ್ಟಿಲಿಂದ ಹತ್ತಬಲ್ಲಿರಿ ಎನ್ನುವುದೇ ಪ್ರಶ್ನೆ. ಉಳಿದವು ವ್ಯವಹಾರದ ಸಂಗತಿಗಳು: ಪರದೆ ಎಷ್ಟು ದೊಡ್ಡದು, ಸದ್ದು ಎಲ್ಲಿಂದ ಕೇಳುತ್ತದೆ, ಜೊತೆಗೆ ಮಕ್ಕಳಿದ್ದಾರೋ, ಕಥೆ ಇಲ್ಲದೆ ಒಂದೂವರೆ ಗಂಟೆ ಕೂರುವ ತಾಳ್ಮೆ ಇದೆಯೋ, ಕೈಯಲ್ಲಿ ಎಷ್ಟು ದುಡ್ಡಿದೆ.

ಭಾಷೆಯನ್ನು ನಾನು ಅಳತೆಗೋಲಾಗಿ ಇಟ್ಟಿಲ್ಲ. ತಾತಿಯ ಚಿತ್ರಗಳಲ್ಲಿ ಮಾತು ಹಿನ್ನೆಲೆಯ ಸದ್ದುಗಳಲ್ಲಿ ಒಂದು, ಅಷ್ಟೆ. ಫ್ರೆಂಚ್ ಬಾರದವರಿಗೆ ನಷ್ಟವಾಗುವುದು ತೀರಾ ಕಡಿಮೆ. ಬೆಂಗಳೂರಿನಲ್ಲೇ ಚಿತ್ರೀಕರಣವಾದ 1987ರ ‘ಪುಷ್ಪಕ ವಿಮಾನ’ವನ್ನು ಮಾತಿಲ್ಲದೆಯೇ ಪೂರ್ತಿ ನೋಡಿ ನಕ್ಕವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಪೈಪೋಟಿ: ‘ವಕಾಂಸ್’ ಅಥವಾ ‘ಮೊನ್ ಓಂಕ್ಲ್’

ಹೆಚ್ಚಿನವರ ಆಯ್ಕೆ ಕೊನೆಗೆ ಬಂದು ನಿಲ್ಲುವುದು ಈ ಎರಡರ ನಡುವೆ. ಎರಡರಲ್ಲೂ ನಾಯಕ ಮಿಸ್ಯೂ ಯೂಲೋ. ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಆತ ಹ್ಯುಲೋ. ಆರಡಿ ದಾಟಿದ ಆಳು, ಮುಂದಕ್ಕೆ ಬಾಗಿದ ನಡಿಗೆ, ಬಾಯಲ್ಲಿ ಪೈಪು, ಕಾಲಿಗೆ ಮೋಟಾದ ಪ್ಯಾಂಟು, ಅದರ ಕೆಳಗೆ ಇಣುಕುವ ಪಟ್ಟೆಯ ಕಾಲುಚೀಲ. ಯಾರಿಗೂ ಕೆಡುಕು ಬಯಸುವವನಲ್ಲ. ಆದರೂ ಅವನು ಹೋದಲ್ಲೆಲ್ಲ ಏನಾದರೊಂದು ಕೆಡುತ್ತದೆ. ಮಿಸ್ಟರ್ ಬೀನ್ ಪಾತ್ರವನ್ನು ಕಟ್ಟುವಾಗ ಯೂಲೋನ ಪ್ರಭಾವ ಇತ್ತು ಎಂದು ರೋವನ್ ಅಟ್ಕಿನ್ಸನ್ ಹೇಳಿಕೊಂಡಿದ್ದಾನೆ. ಆ ನೆಂಟಸ್ತಿಕೆಯನ್ನು ನಂಬಿ ಬೀನ್‌ನ ವೇಗ, ಬೀನ್‌ನ ಕಿಡಿಗೇಡಿತನ ಬಯಸಿ ಹೋದರೆ ನಿರಾಸೆ ಖಂಡಿತ. ಬೀನ್ ಸ್ವಾರ್ಥಿ, ಯೂಲೋ ಸಂಕೋಚದ ಪ್ರಾಣಿ.

‘ಲೆ ವಕಾಂಸ್ ದ ಮಿಸ್ಯೂ ಯೂಲೋ’ 1953ರದು, ಕಪ್ಪು-ಬಿಳುಪು. ಯೂಲೋ ತನ್ನ 1924ರ ಕೆಮ್ಮುವ ಸಾಮ್ಸನ್ ಕಾರಿನಲ್ಲಿ ಸಮುದ್ರತೀರದ ಹೋಟೆಲಿಗೆ ರಜೆ ಕಳೆಯಲು ಬರುತ್ತಾನೆ, ರಜೆ ಮುಗಿಯುತ್ತದೆ, ಹೋಗುತ್ತಾನೆ. ಕಥೆ ಇಷ್ಟೇ. ಚಿತ್ರೀಕರಣ ನಡೆದದ್ದು ಸ್ಯಾಂ ನಾಝೇರ್ ಬಳಿಯ ಸ್ಯಾಂ ಮಾರ್ಕ್ ಸುರ್ ಮೇರ್‌ನಲ್ಲಿ. ಆ ತೀರದಲ್ಲಿ ಈಗ ಕಡಲನ್ನು ನೋಡುತ್ತಾ ಬಾಗಿ ನಿಂತ ಯೂಲೋನ ಪ್ರತಿಮೆಯೂ ಇದೆ.

ಇದರ ಬಲ ಇರುವುದು ಬಿಡಿ ಪ್ರಸಂಗಗಳಲ್ಲಿ, ಮತ್ತು ಅವು ಕಣ್ಣಿಗೆ ಸುಲಭವಾಗಿ ಸಿಗುವುದರಲ್ಲಿ. ಯೂಲೋ ಹೋಟೆಲಿನ ಬಾಗಿಲು ತೆರೆದಿಟ್ಟು ಸಾಮಾನು ತರಲು ಹೋದಾಗ ಗಾಳಿ ಒಳನುಗ್ಗಿ, ಕಪ್ಪಿಗೆ ಸುರಿಯುತ್ತಿರುವ ಚಹಾ ಅಡ್ಡಕ್ಕೆ ಹಾರುತ್ತದೆ. ಕಾರಿನ ಟ್ಯೂಬು ತರಗೆಲೆ ಅಂಟಿಸಿಕೊಂಡು ಶವಸಂಸ್ಕಾರದ ಹೂವಿನ ಚಕ್ರವಾಗಿ ಗೋರಿಯ ಮುಂದೆ ಸೇರುತ್ತದೆ, ಅಲ್ಲಿ ಮೆಲ್ಲಗೆ ಗಾಳಿ ಬಿಡುತ್ತದೆ. ಟೆನಿಸ್ ಬ್ಯಾಟು ಮಾರಿದವಳು ಅಂಗಡಿಯಲ್ಲಿ ತೋರಿಸಿಕೊಟ್ಟ ಕೈಚಳಕವನ್ನೇ ಕಣ್ಣುಮುಚ್ಚಿ ನಂಬಿ ಯೂಲೋ ಎಲ್ಲರನ್ನೂ ಸೋಲಿಸುತ್ತಾನೆ. ಎರಡು ಐಸ್‌ಕ್ರೀಂ ಕೋನ್ ಹಿಡಿದ ಪುಟ್ಟ ಹುಡುಗನೊಬ್ಬ ಎತ್ತರದ ಬಾಗಿಲ ಹಿಡಿಯನ್ನು ತಿರುಗಿಸುವ ತುಣುಕಂತೂ ಯಾವ ಹಾಸ್ಯಪ್ರಸಂಗಕ್ಕೂ ಕಡಿಮೆಯಲ್ಲ. ಅಲ್ಲಿ ಏನೂ ಕೆಳಗೆ ಬೀಳುವುದಿಲ್ಲ.

ಕೊರತೆ ಎಂದರೆ ಲಯ. ಒಂದು ನಗುವಿಗೂ ಮುಂದಿನದಕ್ಕೂ ನಡುವೆ ಖಾಲಿ ಹೊತ್ತು ಇರುತ್ತದೆ. ರಜೆಯಲ್ಲಿ ಬೇಸರವೂ ಒಂದು ಭಾಗ ಎಂಬುದು ತಾತಿಯ ಎಣಿಕೆ. ಅದಕ್ಕೇ ಆ ಬಿಡುವನ್ನು ತುಂಬಲು ಆತ ಹೋಗುವುದಿಲ್ಲ. ಕೆಲಸದಿಂದ ದಣಿದು ರಾತ್ರಿ ಹತ್ತಕ್ಕೆ ಹಾಕಿಕೊಂಡರೆ ಅರ್ಧಕ್ಕೆ ನಿದ್ದೆ ಬರಬಹುದು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಾಕಿಕೊಂಡರೆ ಬೇರೆಯೇ ಚಿತ್ರ.

‘ಮೊನ್ ಓಂಕ್ಲ್’ 1958ರದು, ವರ್ಣಚಿತ್ರ. ಇಲ್ಲಿ ಯೂಲೋ ಒಬ್ಬ ಹುಡುಗನ ಸೋದರಮಾವ. ಹುಡುಗನ ಅಪ್ಪ ಆರ್ಪೆಲ್ ಪ್ಲಾಸ್ಟಿಕ್ ಕಾರ್ಖಾನೆಯ ದೊಡ್ಡ ಮನುಷ್ಯ. ಮನೆ ಎಂದರೆ ಗುಂಡಿ ಒತ್ತಿದರೆ ತೆರೆಯುವ ಗೇಟು, ನಡೆಯಲು ಇಟ್ಟ ಹಾಸುಗಲ್ಲು, ಗುಂಡಗಿನ ಕಿಟಕಿ, ಅಂಗಳದಲ್ಲಿ ನೀರು ಉಗುಳುವ ಲೋಹದ ಮೀನು. ಮೀನಿನ ಕಾರಂಜಿ ಶುರುವಾಗುವುದು ಬಂದವರು ಗಣ್ಯರಾದರೆ ಮಾತ್ರ. ಸಾಮಾನು ತಲುಪಿಸುವವನೋ ಯೂಲೋನೋ ಎಂದು ತಿಳಿದ ಕೂಡಲೇ ನೀರು ನಿಲ್ಲುತ್ತದೆ. ಅಂತಸ್ತಿನ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಆ ಕಾರಂಜಿ ಹೇಳಿ ಮುಗಿಸುತ್ತದೆ. ಇನ್ನೊಂದು ಕಡೆ ಯೂಲೋ ಇರುವ ಹಳೆಯ ಬಡಾವಣೆ: ತನ್ನ ಕೋಣೆ ಸೇರಲು ಆತ ಕಟ್ಟಡದ ತುಂಬ ಹತ್ತಿ, ಇಳಿದು, ಬಳಸಿ ಹೋಗುವುದು ಕಿಟಕಿಗಳ ಮೂಲಕ ತುಣುಕು ತುಣುಕಾಗಿ ಕಾಣುತ್ತದೆ. ಆರ್ಪೆಲ್ ಮನೆ ನೀಸ್‌ನ ವಿಕ್ತೊರೀನ್ ಸ್ಟುಡಿಯೊದಲ್ಲಿ ಕಟ್ಟಿದ ಸೆಟ್ಟು. ವಿನ್ಯಾಸದ ಹಿಂದೆ ಇದ್ದವನು ತಾತಿಯ ಗೆಳೆಯ, ಚಿತ್ರಕಾರ ಜಾಕ್ ಲಾಗ್ರಾಂಜ್. ಹಳೆಯ ಬಡಾವಣೆಯನ್ನು ಚಿತ್ರಿಸಿದ್ದು ಪ್ಯಾರಿಸ್ ಪಕ್ಕದ ಸ್ಯಾಂ ಮೋರ್ ದೆ ಫೊಸ್ಸೆಯಲ್ಲಿ.

ಆರರಲ್ಲಿ ಕಥೆಯ ಎಳೆ ಗಟ್ಟಿಯಾಗಿರುವುದು ಇದರಲ್ಲೇ. ಮಾವ-ಸೋದರಳಿಯನ ಸಂಬಂಧ ಇದೆ, ಅದನ್ನು ನೋಡಿ ಕರುಬುವ ಅಪ್ಪ ಇದ್ದಾನೆ, ಯೂಲೋಗೆ ಕೆಲಸ ಕೊಡಿಸುವ ಪ್ರಯತ್ನ ಇದೆ. ಕಾನ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ, ಮರುವರ್ಷ ವಿದೇಶಿ ಭಾಷಾ ಚಿತ್ರದ ಆಸ್ಕರ್, ಎರಡೂ ಬಂದದ್ದರ ಹಿಂದೆ ಈ ಎಳೆಯ ಪಾಲೂ ಇದೆ. ಆದರೆ ಗಳಿಸಿದ್ದಕ್ಕೆ ತೆತ್ತದ್ದೂ ಇದೆ. ಹಳೆಯದೆಲ್ಲ ಬೆಚ್ಚಗೆ, ಹೊಸದೆಲ್ಲ ತಣ್ಣಗೆ ಎಂಬ ಎಣಿಕೆ ಎರಡನೆಯ ಅರ್ಧದಲ್ಲಿ ಸ್ವಲ್ಪ ಜಾಸ್ತಿಯಾಗಿ ಕಾಣಿಸುತ್ತದೆ. ಆರ್ಪೆಲ್ ಮನೆಯ ತೋಟದ ಸಂತೋಷಕೂಟ ಉದ್ದವಾಯಿತು ಎನಿಸಿದರೆ ಅದು ನಿಮ್ಮೊಬ್ಬರಿಗೇ ಅನಿಸಿದ್ದಲ್ಲ.

ಹಾಗಾದರೆ ಯಾವುದು? ಮಕ್ಕಳು, ಅಜ್ಜ-ಅಜ್ಜಿ ಎಲ್ಲ ಸೇರಿ ನೋಡುವುದಾದರೆ ಕಣ್ಣುಮುಚ್ಚಿ ‘ಮೊನ್ ಓಂಕ್ಲ್’. ಬಣ್ಣ ಇದೆ, ನಾಯಿಗಳಿವೆ, ದಾರಿಹೋಕರನ್ನು ದೀಪದ ಕಂಬಕ್ಕೆ ಡಿಕ್ಕಿ ಹೊಡೆಸುವ ಪೋಕರಿ ಹುಡುಗರಿದ್ದಾರೆ. ಏಳೆಂಟು ವರ್ಷದ ಮಗುವೂ ಹಿಡಿದು ಕೂರುತ್ತದೆ. ಒಬ್ಬರೇ ನೋಡುವುದಾದರೆ, ಕಪ್ಪು-ಬಿಳುಪು ತೊಂದರೆ ಇಲ್ಲವೆಂದಾದರೆ ‘ವಕಾಂಸ್’. ನನ್ನ ಮತ ‘ವಕಾಂಸ್’ಗೆ. ತಾತಿಯನ್ನು ನೋಡುವುದು ಹೇಗೆ ಎಂದು ಕಲಿಸುವ ಚಿತ್ರ ಅದು: ಸದ್ದಿಗೆ ಕಿವಿ ಕೊಡಿ, ಚೌಕಟ್ಟಿನ ಅಂಚನ್ನು ನೋಡಿ, ಅವಸರ ಬೇಡ. ಹೋಟೆಲಿನ ಊಟದ ಕೋಣೆಯ ಬಾಗಿಲು ಆಡಿದಾಗಲೆಲ್ಲ ತಂತಿ ಮೀಟಿದ ಹಾಗೆ ಬರುವ ಸದ್ದನ್ನು ನೀವು ಎದುರು ನೋಡತೊಡಗಿದಿರಿ ಎಂದರೆ ಮುಂದಿನ ಚಿತ್ರಗಳಿಗೆ ಸಿದ್ಧರಾದಿರಿ.

‘ಪ್ಲೇಟೈಮ್’: ಪರದೆ ಇಲ್ಲದಿದ್ದರೆ ಕಾಯಿರಿ

ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿಗಳಲ್ಲಿ ತಾತಿಯ ಹೆಸರು ಕಾಣುವುದು ಹೆಚ್ಚಾಗಿ ‘ಪ್ಲೇಟೈಮ್’ ಮೂಲಕ. ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ 2022ರ ವಿಮರ್ಶಕರ ಮತಗಣನೆಯಲ್ಲಿ ಅದಕ್ಕೆ 23ನೇ ಸ್ಥಾನ. ಹಾಗಾಗಿ ತುಂಬ ಜನ ಇದರಿಂದಲೇ ಶುರು ಮಾಡುತ್ತಾರೆ, ತುಂಬ ಜನ ಇದರಿಂದಲೇ ಎಡವುತ್ತಾರೆ.

ಕಾರಣ ತಾಂತ್ರಿಕ. 70 ಮಿ.ಮೀ. ಚಿತ್ರ ಇದು. ಹತ್ತಿರದ ದೃಶ್ಯ ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದೇ ಚೌಕಟ್ಟಿನಲ್ಲಿ ನಾಲ್ಕೈದು ಕಡೆ ಏನೇನೋ ನಡೆಯುತ್ತಿರುತ್ತದೆ, ಯಾವುದನ್ನು ನೋಡಬೇಕೆಂದು ಕ್ಯಾಮರಾ ಹೇಳುವುದಿಲ್ಲ. ಒಂದು ಮೂಲೆಯಲ್ಲಿ ನಡೆದದ್ದನ್ನು ನೋಡುತ್ತಾ ಇನ್ನೊಂದು ಮೂಲೆಯದನ್ನು ಕಳೆದುಕೊಳ್ಳುತ್ತೀರಿ. ಕಳೆದುಕೊಳ್ಳಲೆಂದೇ ಹಾಗೆ ಮಾಡಿದ್ದು, ಎರಡನೆಯ ಸಲಕ್ಕೆ ಬೇರೆ ಚಿತ್ರ ಕಾಣಲೆಂದು. ಆದರೆ ಆರಿಂಚಿನ ಪರದೆಯಲ್ಲಿ ಆ ಮೂಲೆಗಳಲ್ಲಿರುವ ಮನುಷ್ಯರು ಸಾಸಿವೆ ಕಾಳಿನಷ್ಟಾಗುತ್ತಾರೆ. ಆಗ ಉಳಿಯುವುದು ಬೂದು ಬಣ್ಣದ ಕಟ್ಟಡಗಳಲ್ಲಿ ಸುಮ್ಮನೆ ಓಡಾಡುವ ಜನ ಮಾತ್ರ. ನಲವತ್ತೆರಡು ಇಂಚಿನ ಟಿವಿಯನ್ನು ನಾನು ಕನಿಷ್ಠ ಎನ್ನುತ್ತೇನೆ, ಅದೂ ಐದಾರು ಅಡಿ ದೂರದಲ್ಲಿ ಕೂತು. ಪ್ರೊಜೆಕ್ಟರ್ ಇದ್ದರೆ ಒಳ್ಳೆಯದು. ಯಾವುದಾದರೂ ಚಿತ್ರೋತ್ಸವದಲ್ಲಿ ಹಾಕಿದರೆ ರಜೆ ಹಾಕಿ ಹೋಗಿ.

ಈ ಚಿತ್ರಕ್ಕಾಗಿ ತಾತಿ ಪ್ಯಾರಿಸ್ಸಿನ ಪೂರ್ವದ ಅಂಚಿನಲ್ಲಿ ಗಾಜು, ಕಾಂಕ್ರೀಟು, ಉಕ್ಕಿನ ಒಂದು ಪಟ್ಟಣವನ್ನೇ ಕಟ್ಟಿಸಿದ. ‘ತಾತಿವಿಲ್’ ಎಂದೇ ಅದಕ್ಕೆ ಹೆಸರಾಯಿತು. ಸ್ವಂತ ವಿದ್ಯುತ್ ಸ್ಥಾವರವೂ ಇತ್ತು. ಹಿನ್ನೆಲೆಯ ಜನಸಂದಣಿಯಲ್ಲಿ ಕೆಲವರು ಮನುಷ್ಯರಲ್ಲ, ಆಳೆತ್ತರದ ಫೋಟೊ ಕಟೌಟುಗಳು. ಚಿತ್ರೀಕರಣ 1964ರಲ್ಲಿ ಶುರುವಾಗಿ 1967ರವರೆಗೂ ಎಳೆಯಿತು. ಆ ಡಿಸೆಂಬರಿನಲ್ಲಿ ತೆರೆಕಂಡಾಗ ಸುಮಾರು ಎರಡೂವರೆ ಗಂಟೆಯಷ್ಟಿತ್ತು, ಜನ ಬರಲಿಲ್ಲ. 70 ಮಿ.ಮೀ. ಸೌಕರ್ಯ ಇರುವ ಚಿತ್ರಮಂದಿರಗಳಲ್ಲೇ ತೋರಿಸಬೇಕೆಂಬ ಹಟ ಬೇರೆ. ತಾತಿಯೇ ಕತ್ತರಿ ಹಾಕಿ ಚಿಕ್ಕದು ಮಾಡಿದ, ಆದರೂ ಸಾಲ ತೀರಲಿಲ್ಲ. ಮನೆ ಹೋಯಿತು, ಸಂಸ್ಥೆ ದಿವಾಳಿಯಾಯಿತು, ತನ್ನ ಚಿತ್ರಗಳ ಹಕ್ಕೇ ಕೈತಪ್ಪಿತು. ಸೆಟ್ಟನ್ನು ಉಳಿಸಿ ಚಿತ್ರಶಾಲೆಗೆ ಬಳಸಬೇಕೆಂಬ ಆಸೆಯೂ ಈಡೇರದೆ ಅದನ್ನು ಕೆಡವಿದರು. ಈಗ ಸಿಗುವುದು ಜೀರ್ಣೋದ್ಧಾರವಾದ ಸುಮಾರು 124 ನಿಮಿಷದ ಪ್ರತಿ. ಪೂರ್ತಿ ಪ್ರತಿ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ನೋಡುವ ಕ್ರಮಕ್ಕೂ ಒಂದೆರಡು ಮಾತು. ಮೊದಲ ಗಂಟೆ ವಿಮಾನ ನಿಲ್ದಾಣ, ಕಚೇರಿ, ವಸ್ತುಪ್ರದರ್ಶನ, ಗಾಜಿನ ಗೋಡೆಯ ಮನೆಗಳು. ಇಲ್ಲಿ ನಗು ಬರದಿದ್ದರೆ ಗಾಬರಿ ಬೇಡ. ಉದ್ದನೆಯ ಕಾರಿಡಾರಿನ ಆ ತುದಿಯಿಂದ ಅಧಿಕಾರಿಯೊಬ್ಬ ಟಕಟಕ ನಡೆದು ಬರುವುದನ್ನು, ಯೂಲೋ ಏಳಲು ಹೋದಾಗಲೆಲ್ಲ ಬಾಗಿಲು ಕಾಯುವವನು ಕೂರಿಸುವುದನ್ನು ತಾಳ್ಮೆಯಿಂದ ನೋಡಿ. ಆಮೇಲೆ ಬರುತ್ತದೆ ರಾಯಲ್ ಗಾರ್ಡನ್ ರೆಸ್ಟೊರೆಂಟಿನ ಉದ್ಘಾಟನೆಯ ರಾತ್ರಿ. ಬಣ್ಣ ಆರುವ ಮುನ್ನ, ಬಡಗಿಗಳು ಹೊರಹೋಗುವ ಮುನ್ನ ಬಾಗಿಲು ತೆರೆದ ಆ ಹೋಟೆಲು ಮುಕ್ಕಾಲು ಗಂಟೆಯ ಅವಧಿಯಲ್ಲಿ ಒಂದೊಂದೇ ಕಳಚಿ ಬೀಳುತ್ತದೆ. ಗಾಜಿನ ಬಾಗಿಲು ಒಡೆದು ಚೂರಾದ ಮೇಲೆ ಬಾಗಿಲು ಕಾಯುವವನು ಹಿಡಿಕೆಯನ್ನಷ್ಟೇ ಕೈಯಲ್ಲಿ ಹಿಡಿದು, ಇಲ್ಲದ ಬಾಗಿಲನ್ನು ಬಂದವರಿಗೆಲ್ಲ ತೆರೆದು ಮುಚ್ಚುತ್ತಾನೆ. ಮೇಜಿನ ಪಕ್ಕ ತಂದಿಟ್ಟ ಮೀನಿಗೆ ಬಂದ ಮಾಣಿಗಳೆಲ್ಲ ಮತ್ತೆ ಮತ್ತೆ ಉಪ್ಪು-ಮೆಣಸು ಹಾಕುತ್ತಾರೆ, ಬಡಿಸುವವರು ಮಾತ್ರ ಇಲ್ಲ. ಕುರ್ಚಿಯ ಬೆನ್ನಿನ ಕಿರೀಟದ ಅಚ್ಚು ಗಿರಾಕಿಗಳ ಬೆನ್ನಿಗೆ ಬೀಳುತ್ತದೆ. ಎರಡು ಕಂತಿನಲ್ಲಿ ನೋಡುವವರು ಈ ರೆಸ್ಟೊರೆಂಟ್ ಶುರುವಾಗುವ ಮುನ್ನ ನಿಲ್ಲಿಸಿ, ಮರುದಿನ ಅಲ್ಲಿಂದ ಹಿಡಿಯಿರಿ; ನಡುವೆ ಕಡಿದರೆ ಲಯ ಹೋಗುತ್ತದೆ.

ಸಬ್‌ಟೈಟಲ್ ಇಲ್ಲಿ ಉಪಕಾರಕ್ಕಿಂತ ಅಪಕಾರ ಮಾಡುತ್ತದೆ. ಯಾರೋ ಆಡಿದ ‘ಆ ಕಡೆ, ಆ ಕಡೆ’ ಎಂಬ ಮಾತಿಗೂ ಕೆಳಗೆ ಅಕ್ಷರ ಬಂದರೆ ಕಣ್ಣು ಕೆಳಕ್ಕೆ ಇಳಿಯುತ್ತದೆ, ಮೇಲೆ ನಡೆದದ್ದು ತಪ್ಪುತ್ತದೆ. ಅಮೆರಿಕದ ಪ್ರವಾಸಿ ಹೆಂಗಸರ ಮಾತು ಹೇಗೂ ಇಂಗ್ಲಿಷಿನಲ್ಲೇ ಇದೆ. ಅದನ್ನು ಬರೆದವನು ಅಮೆರಿಕದ ಅಂಕಣಕಾರ ಆರ್ಟ್ ಬುಕ್‌ವಾಲ್ಡ್. ಧೈರ್ಯವಾಗಿ ಸಬ್‌ಟೈಟಲ್ ಆಫ್ ಮಾಡಿಬಿಡಿ.

‘ಜೂರ್ ದ ಫೇತ್’: ನಗುವೇ ಬೇಕು ಎನ್ನುವವರಿಗೆ

ಯೂಲೋ ಇನ್ನೂ ಹುಟ್ಟಿರದ ಮೊದಲ ಚಿತ್ರ. ಹಳ್ಳಿಗೆ ಒಂದು ದಿನದ ಜಾತ್ರೆ ಬರುತ್ತದೆ. ಡೇರೆಯಲ್ಲಿ ತೋರಿಸುವ ಸಿನಿಮಾದಲ್ಲಿ ಅಮೆರಿಕದ ಅಂಚೆಯವರ ಮಿಂಚಿನ ವೇಗ ನೋಡಿದ ಅಂಚೆಯಣ್ಣ ಫ್ರಾಂಸ್ವಾ ತಾನೂ ಕಡಿಮೆಯಿಲ್ಲ ಎಂದು ಸೈಕಲ್ ಏರುತ್ತಾನೆ. ಓಡುವ ಲಾರಿಯ ಹಿಂಬದಿಯ ಹಲಗೆಯನ್ನೇ ಮೇಜು ಮಾಡಿಕೊಂಡು ಸೈಕಲ್ ಮೇಲಿಂದಲೇ ಕಾಗದಗಳಿಗೆ ಮೊಹರು ಒತ್ತುತ್ತಾನೆ. ಸೈಕಲ್ ಒಮ್ಮೆ ಅವನನ್ನು ಬಿಟ್ಟು ತಾನೇ ಓಡುತ್ತದೆ. ಇಲ್ಲಿ ಹುಡುಕುವ ಕೆಲಸ ಇಲ್ಲ. ನಗಿಸುವವನು ನಡುವೆಯೇ ಇದ್ದಾನೆ, ಮೈಕೈ ನೋಯಿಸಿಕೊಂಡು ದುಡಿಯುತ್ತಿದ್ದಾನೆ. ಹಳ್ಳಿ ಸ್ಯಾಂತ್ ಸೆವೇರ್ ಸುರ್ ಆಂದ್ರ್. ಯುದ್ಧದ ದಿನಗಳಲ್ಲಿ ತಾತಿ ಅಲ್ಲಿ ತಂಗಿದ್ದ. 1947ರಲ್ಲಿ ವಾಪಸು ಹೋಗಿ ಊರವರನ್ನೇ ಸೇರಿಸಿಕೊಂಡು ಚಿತ್ರ ತೆಗೆದ.

ಇಲ್ಲಿ ಆವೃತ್ತಿಯ ಗೊಂದಲ ದೊಡ್ಡದು, ಕಾರಣ ಸ್ವಾರಸ್ಯದ್ದು. ತಾತಿ ಇದನ್ನು ತೆಗೆದದ್ದು ಥಾಮ್ಸನ್‌ಕಲರ್ ಎಂಬ ಹೊಸ ವರ್ಣಪದ್ಧತಿಯಲ್ಲಿ. ಮುನ್ನೆಚ್ಚರಿಕೆಗೆಂದು ಪಕ್ಕದಲ್ಲಿ ಒಂದು ಕಪ್ಪು-ಬಿಳುಪು ಕ್ಯಾಮರಾವನ್ನೂ ಓಡಿಸಿದ್ದ. ಬಣ್ಣದ ಫಿಲ್ಮಿನಿಂದ ಪ್ರದರ್ಶನದ ಪ್ರತಿ ತೆಗೆಯಲು ಕಂಪನಿಗೆ ಆಗಲೇ ಇಲ್ಲ, ಪಕ್ಕದ ಕ್ಯಾಮರಾ ಮಾನ ಉಳಿಸಿತು. ಹೀಗೆ 1949ರದು ಪೂರ್ತಿ ಕಪ್ಪು-ಬಿಳುಪು. 1964ರಲ್ಲಿ ತಾತಿ ಮತ್ತೆ ಸಂಕಲನ ಮಾಡಿ, ಹಳ್ಳಿಯಲ್ಲಿ ಚಿತ್ರ ಬಿಡಿಸುತ್ತಾ ಓಡಾಡುವ ಯುವಕಲಾವಿದನೊಬ್ಬನನ್ನು ಸೇರಿಸಿ, ಬಾವುಟದಂಥ ಬಿಡಿ ವಸ್ತುಗಳಿಗಷ್ಟೇ ಬಣ್ಣ ಹಾಕಿಸಿದ. ಆತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಮಗಳು ಸೋಫಿ ತಾತಿಶೆಫ್ ಮತ್ತು ಛಾಯಾಗ್ರಾಹಕ ಫ್ರಾಂಸ್ವಾ ಎದ್ ಮೂಲ ಬಣ್ಣವನ್ನು ಹೊರತೆಗೆದದ್ದು 1995ರ ಪ್ರತಿ. ಗುರುತು ಹಿಡಿಯುವುದು ಸುಲಭ: ಕಲಾವಿದ ಕಂಡರೆ 1964ರದು, ಎಲ್ಲವೂ ಬಣ್ಣದಲ್ಲಿದ್ದರೆ 1995ರದು. ಮೊದಲ ಸಲಕ್ಕೆ 1949ರದನ್ನು ಆರಿಸಿಕೊಳ್ಳಿ, ನಗು ಅದರಲ್ಲೇ ಚುರುಕು. 1995ರದು ಹಳೆಯ ಚಿತ್ರಪಟದ ಹಾಗೆ ಮಾಸಲು, ಮೃದು; ಹಳ್ಳಿಯ ಮಣ್ಣಿನ ಬಣ್ಣದ ನಡುವೆ ಜಾತ್ರೆಯ ಬಣ್ಣ ಬಂದಿಳಿಯಬೇಕೆಂಬ ತಾತಿಯ ಮೂಲ ಯೋಚನೆ ಅದರಲ್ಲಿ ಗೊತ್ತಾಗುತ್ತದೆ. 1964ರದು ಸಂಗ್ರಾಹಕರಿಗೆ.

‘ತ್ರಾಫಿಕ್’ ಮತ್ತು ‘ಪರಾದ್’

1971ರ ‘ತ್ರಾಫಿಕ್’ನಲ್ಲಿ ಯೂಲೋ ಕಾರು ವಿನ್ಯಾಸಕ. ತಾನೇ ರೂಪಿಸಿದ ಕ್ಯಾಂಪಿಂಗ್ ವಾಹನವನ್ನು ಪ್ಯಾರಿಸ್ಸಿನಿಂದ ಆಮ್ಸ್‌ಟರ್‌ಡ್ಯಾಮಿನ ಪ್ರದರ್ಶನಕ್ಕೆ ತಲುಪಿಸಬೇಕು, ದಾರಿಯುದ್ದಕ್ಕೂ ಅಡ್ಡಿ. ಗಡಿಯಲ್ಲಿ ಪೊಲೀಸರು ವಾಹನವನ್ನು ತಪಾಸಣೆಗೆ ಹಿಡಿದಾಗ ಅದರ ಒಂದೊಂದೇ ಚಮತ್ಕಾರ ಬಿಚ್ಚಿಕೊಳ್ಳುವ ಪ್ರಸಂಗ, ಕೂಡುರಸ್ತೆಯ ಸರಣಿ ಅಪಘಾತವಾದ ಮೇಲೆ ಎಲ್ಲರೂ ಕಾರಿಂದಿಳಿದು ಮೈ ಮುರಿಯುವ ದೃಶ್ಯ, ಮಳೆಯಲ್ಲಿ ಒಳಗಿನವರ ಸ್ವಭಾವಕ್ಕೆ ತಕ್ಕಂತೆ ಆಡುವ ವೈಪರ್‌ಗಳು, ಇವು ತಾತಿಯ ಒಳ್ಳೆಯ ಕೆಲಸಗಳ ಸಾಲಿಗೇ ಸೇರುತ್ತವೆ. ನಡುನಡುವೆ ಸಡಿಲ. ಸಾಲದ ಹೊರೆಯಲ್ಲಿ ಯೂಲೋನನ್ನು ಮತ್ತೆ ಕರೆತರಬೇಕಾಯಿತು ಎಂಬುದು ಅಲ್ಲಲ್ಲಿ ಕಾಣುತ್ತದೆ. ‘ಪ್ಲೇಟೈಮ್’ಗೆ ಬೇಕಾದ ಪರದೆ ಇಲ್ಲದವರಿಗೆ ಇದು ಮಧ್ಯದ ದಾರಿ: ಅದೇ ಹದ್ದಿನ ಕಣ್ಣು, ಆದರೆ ಸಣ್ಣ ಟಿವಿಯಲ್ಲೂ ನಡೆಯುತ್ತದೆ. ದಿನಾ ಸಿಲ್ಕ್ ಬೋರ್ಡ್ ದಾಟುವವರಿಗೆ ಸಮಾಧಾನವೂ ಸಿಗಬಹುದು.

1974ರ ‘ಪರಾದ್’ ಸ್ವೀಡನ್ನಿನ ಟೆಲಿವಿಷನ್ನಿಗಾಗಿ ಬಹುಪಾಲು ವಿಡಿಯೊದಲ್ಲಿ ತೆಗೆದ ಸರ್ಕಸ್ ಕಾರ್ಯಕ್ರಮ. ಯೂಲೋ ಇಲ್ಲ. ಅರವತ್ತೈದು ದಾಟಿದ ತಾತಿ ತನ್ನ ಹಳೆಯ ಗೋಲ್‌ಕೀಪರ್, ಟೆನಿಸ್, ಕುದುರೆ ಸವಾರಿಯ ಮೂಕಾಭಿನಯಗಳನ್ನು ಮತ್ತೆ ಮಾಡಿ ತೋರಿಸುತ್ತಾನೆ. ರಂಗಭೂಮಿಯವರು, ಮೈಮ್ ಕಲಿಯುವವರು ಅಷ್ಟನ್ನು ಹುಡುಕಿ ನೋಡಬೇಕು. ಉಳಿದವರು ಕೊನೆಗೆ ಇಟ್ಟುಕೊಳ್ಳಬಹುದು.

ತಾತಿ ತೆಗೆಯದೆ ಬಿಟ್ಟ ಒಂದು ಚಿತ್ರಕಥೆಯಿಂದ ಸಿಲ್ವ್ಯಾಂ ಶೋಮೆ 2010ರಲ್ಲಿ ಮಾಡಿದ ಅನಿಮೇಷನ್ ಚಿತ್ರ ‘ಇಲ್ಯೂಷನಿಸ್ಟ್’ ಸುಲಭವಾಗಿ ಸಿಗುತ್ತದೆಂದು ಕೆಲವರು ಅದರಿಂದ ಶುರು ಮಾಡುತ್ತಾರೆ. ಚೆಂದದ ಚಿತ್ರ, ಆದರೆ ಅದರ ಬೇಸರ, ವಿಷಾದ ಶೋಮೆಯದು. ಅದನ್ನು ನೋಡಿ ತಾತಿ ಹೀಗೇ ಇರಬೇಕು ಎಂದುಕೊಂಡರೆ ದಾರಿ ತಪ್ಪುತ್ತದೆ.

ಪ್ರತಿ ಕೊಳ್ಳುವಾಗ, ಹುಡುಕುವಾಗ

‘ವಕಾಂಸ್’ ಬಗ್ಗೆ ಮೊದಲು. 1953ರಲ್ಲಿ ಬಂದದ್ದು ಸುಮಾರು 100 ನಿಮಿಷ. ತಾತಿ 1960ರ ದಶಕದ ಮೊದಲಲ್ಲಿ ಸಂಕಲನ ಬಿಗಿ ಮಾಡಿ ಸಂಗೀತ, ಸದ್ದುಗಳನ್ನು ಹೊಸದಾಗಿ ಹೊಂದಿಸಿದ. 1978ರಲ್ಲಿ ಅದೇ ತೀರಕ್ಕೆ ಮತ್ತೆ ಹೋಗಿ, ಮುರಿದು ಮಡಚಿದ ದೋಣಿಯನ್ನು ಶಾರ್ಕ್ ಎಂದು ತಿಳಿದು ಜನ ದಿಕ್ಕಾಪಾಲಾಗುವ ತುಣುಕುಗಳನ್ನು ಚಿತ್ರಿಸಿ ಸೇರಿಸಿದ. ಈಗ ಚಾಲ್ತಿಯಲ್ಲಿರುವುದು ಆ 88 ನಿಮಿಷದ ಪ್ರತಿ, ಮೊದಲ ನೋಟಕ್ಕೆ ಅದೇ ಸಾಕು. ‘ಮೊನ್ ಓಂಕ್ಲ್’ಗೆ ಜೊತೆಜೊತೆಗೇ ಚಿತ್ರಿಸಿದ ಇಂಗ್ಲಿಷ್ ಆವೃತ್ತಿ ಇದೆ, ಹೆಸರು ‘ಮೈ ಅಂಕಲ್’. ಫ್ರೆಂಚಿನದು ಸುಮಾರು 117 ನಿಮಿಷ, ಇಂಗ್ಲಿಷಿನದು ಏಳೆಂಟು ನಿಮಿಷ ಕಡಿಮೆ. ಬೋರ್ಡುಗಳೂ ಇಂಗ್ಲಿಷಿನಲ್ಲಿವೆ. ಸಬ್‌ಟೈಟಲ್ ಓದಲಾಗದ ಮಕ್ಕಳಿಗೆ ಇದು ಒಂದು ಅನುಕೂಲ ಎನ್ನಬಹುದು, ಆದರೆ ಆ ಹಳೆಯ ಬಡಾವಣೆಯಲ್ಲಿ ಇಂಗ್ಲಿಷ್ ಕೇಳಿದರೆ ಏನೋ ಕೃತಕ. ಫ್ರೆಂಚ್ ಮೂಲವನ್ನೇ ಹಾಕಿ, ಮಕ್ಕಳಿಗೆ ಬೇಕಾದಲ್ಲಿ ಒಂದು ಮಾತು ಹೇಳಿ.

ಅವಧಿ ನೋಡಿ ಆವೃತ್ತಿ ಹೇಳುವಾಗ ಒಂದು ಮೋಸ ಇದೆ. ಯುರೋಪಿನ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗಳಲ್ಲಿ ಚಿತ್ರ ಸೆಕೆಂಡಿಗೆ 24ರ ಬದಲು 25 ಫ್ರೇಮಿನಂತೆ ಓಡುತ್ತದೆ. ಹಾಗಾಗಿ 124 ನಿಮಿಷದ ‘ಪ್ಲೇಟೈಮ್’ 119 ಆಗುತ್ತದೆ, 117ರ ‘ಮೊನ್ ಓಂಕ್ಲ್’ 112 ಆಗುತ್ತದೆ. ಕತ್ತರಿ ಬಿದ್ದಿಲ್ಲ, ವೇಗ ಹೆಚ್ಚಿದೆ ಅಷ್ಟೆ.

ಆರೂ ಚಿತ್ರ, ಪರ್ಯಾಯ ಆವೃತ್ತಿಗಳು, ಕಿರುಚಿತ್ರಗಳು ಒಂದೇ ಕಡೆ ಬೇಕೆಂದರೆ ಅಮೆರಿಕದ ಕ್ರೈಟೀರಿಯನ್ 2014ರಲ್ಲಿ ಹೊರತಂದ ಬಾಕ್ಸ್ ಸೆಟ್ ಇದೆ, ಯುರೋಪಿನಲ್ಲಿ ಸ್ಟುಡಿಯೊಕೆನಾಲ್‌ನದು ಇದೆ. ದುಡ್ಡು ಕೊಡುವ ಮುನ್ನ ನಿಮ್ಮ ಪ್ಲೇಯರ್ ನೋಡಿ. ಬ್ಲೂ-ರೇಯಲ್ಲಿ ಅಮೆರಿಕ ಎ ವಲಯ, ಯುರೋಪ್ ಬಿ, ಭಾರತ ಸಿ. ಇಲ್ಲಿ ಕೊಂಡ ಮಾಮೂಲಿ ಪ್ಲೇಯರಿನಲ್ಲಿ ಎ ಅಥವಾ ಬಿ ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಓಡುವುದಿಲ್ಲ, ಎಲ್ಲ ವಲಯದ್ದೂ ಓಡುವ ಪ್ಲೇಯರ್ ಬೇಕು. ಡಿಸ್ಕಿನ ಬೆಲೆಗೆ ಸಾಗಣೆ, ಸುಂಕವನ್ನೂ ಸೇರಿಸಿ ಲೆಕ್ಕ ಹಾಕಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ತಲೆನೋವಿಲ್ಲ. ಎರಡೇ ಚಿತ್ರ ನೋಡುವ ಯೋಚನೆ ಇದ್ದರೆ ಬಾಕ್ಸ್ ಸೆಟ್ ದುಬಾರಿಯ ಬಾಬತ್ತು. ಬಿಡಿ ಡಿಸ್ಕೋ, ಒಂದು ತಿಂಗಳ ಸ್ಟ್ರೀಮಿಂಗ್ ಚಂದಾವೋ ಸಾಕು. ದುಡ್ಡೇ ಖರ್ಚು ಮಾಡದವರು ಬೆಂಗಳೂರಿನಲ್ಲಿದ್ದರೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನ ಚಿತ್ರಪ್ರದರ್ಶನಗಳ ಮೇಲೆ, ಸುಚಿತ್ರಾ ಫಿಲಂ ಸೊಸೈಟಿಯ ಕಾರ್ಯಕ್ರಮಗಳ ಮೇಲೆ ಕಣ್ಣಿಟ್ಟಿರಲಿ.

ಟಿವಿಯ ಸೆಟ್ಟಿಂಗಿನಲ್ಲಿ ಎರಡು ಕೆಲಸ ಮಾಡಿಕೊಳ್ಳಿ. ‘ಪ್ಲೇಟೈಮ್’ ಬಿಟ್ಟು ಉಳಿದ ಚಿತ್ರಗಳ ಚೌಕಟ್ಟು ಹಳೆಯ ಟಿವಿಯ ಹಾಗೆ ಚೌಕಕ್ಕೆ ಹತ್ತಿರ. ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಅದೇ ಸರಿ. ಪರದೆ ತುಂಬಿಸಲು ಜೂಮ್ ಮಾಡಿದರೆ ಮೇಲೆ-ಕೆಳಗೆ ಕತ್ತರಿಸಿ ಹೋಗುತ್ತದೆ, ತಾತಿ ನಗು ಬಚ್ಚಿಡುವುದು ಆ ಅಂಚುಗಳಲ್ಲೇ. ಚಲನೆ ನುಣುಪು ಮಾಡುವ ಸೌಲಭ್ಯವನ್ನೂ ಆಫ್ ಮಾಡಿ. ಸದ್ದಿಗೆ ಟಿವಿಯ ಸ್ಪೀಕರ್ ಕೈಕೊಡುತ್ತದೆ. ತಾತಿ ಚಿತ್ರೀಕರಣ ಮುಗಿದ ಮೇಲೆ ಹೆಜ್ಜೆ, ಬಾಗಿಲು, ಕುರ್ಚಿ ಒಂದೊಂದರ ಸದ್ದನ್ನೂ ಬೇರೆಯಾಗಿ ಹೊಂದಿಸುತ್ತಿದ್ದವನು. ‘ಪ್ಲೇಟೈಮ್’ನ ಕಾಯುವ ಕೋಣೆಯ ಕುರ್ಚಿಗಳು ಕೂತರೆ ಉಸ್ಸೆನ್ನುವುದು ಕೇಳಿಸದಿದ್ದರೆ ಆ ಪ್ರಸಂಗದಲ್ಲಿ ಏನೂ ಇಲ್ಲ. ಹೆಡ್‌ಫೋನ್ ಹಾಕಿ.

ಒಟ್ಟು ಕ್ರಮ ಕೇಳುವವರಿಗೆ: ಬಿಡುವು ಇದ್ದು ಎಲ್ಲ ನೋಡುವ ಮನಸ್ಸಿದ್ದರೆ ‘ವಕಾಂಸ್’, ‘ಮೊನ್ ಓಂಕ್ಲ್’, ‘ಪ್ಲೇಟೈಮ್’, ಆಮೇಲೆ ಹಿಂದಕ್ಕೆ ಹೋಗಿ ‘ಜೂರ್ ದ ಫೇತ್’, ಕೊನೆಗೆ ಉಳಿದೆರಡು. ಮಕ್ಕಳೊಡನೆ ಆದರೆ ‘ಮೊನ್ ಓಂಕ್ಲ್’ ಮತ್ತು ‘ಜೂರ್ ದ ಫೇತ್’ ಸಾಕು. ವಾಸ್ತುಶಿಲ್ಪ ಓದುವವರು ನೇರ ‘ಪ್ಲೇಟೈಮ್’ಗೆ ಹೋಗಬಹುದು, ಅವರಿಗೆ ಕಟ್ಟಡವೇ ಪಾತ್ರ. ಬರೀ ಫೋನ್ ಇರುವವರು ‘ಜೂರ್ ದ ಫೇತ್’ ನೋಡಿ, ಉಳಿದವನ್ನು ಕಾದಿರಿಸಿ. ತಾತಿ ನಿಮಗೆ ಒಗ್ಗುತ್ತಾನೋ ಇಲ್ಲವೋ ಎಂಬ ಅನುಮಾನವೇ ಇನ್ನೂ ಇದ್ದರೆ, 1947ರ ‘ಲೆಕೋಲ್ ದೆ ಫಾಕ್ತರ್’ ಎಂಬ ಕಿರುಚಿತ್ರ ಇದೆ. ಕಾಲು ಗಂಟೆಯದು, ಅದೇ ಅಂಚೆಯಣ್ಣ, ‘ಜೂರ್ ದ ಫೇತ್’ನ ಒಳ್ಳೆಯ ಪ್ರಸಂಗಗಳಲ್ಲಿ ಕೆಲವು ಮೊದಲು ಬಂದದ್ದೇ ಇದರಲ್ಲಿ. ಇಂದು ರಾತ್ರಿ ಅದನ್ನು ನೋಡಿ. ಒಮ್ಮೆಯೂ ನಗು ಬರದಿದ್ದರೆ ಡಿಸ್ಕಿಗೆ ದುಡ್ಡು ಹಾಕಬೇಡಿ.